ಆಣಿಗೆ ಬ್ಲೇಡು ಹಾಕಬೇಡಿ

ಎಣ್ಣೆಸ್ನಾನ ಮುಗಿಸಿ ಜಗಲಿಗೆ ಬಂದು ಕೂತ ಹಿರಿಯರು ಅರ್ಧ ಬ್ಲೇಡು ಹಿಡಿದು ಅಂಗಾಲಿನ ಜಡ್ಡು ಹೆರೆಯುವುದು ನಮ್ಮ ಕಡೆ ಬಹಳ ಮನೆಗಳಲ್ಲಿ ರೂಢಿ. ಬಿಸಿನೀರಿಗೆ ಚರ್ಮ ನೆನೆದಿರುತ್ತದೆ, ಬ್ಲೇಡು ಸಲೀಸಾಗಿ ಇಳಿಯುತ್ತದೆ, ಹೆರೆದಷ್ಟೂ ಹಿತವೆನಿಸುತ್ತದೆ. ಸತ್ತ ಚರ್ಮ ಎಲ್ಲಿ ಮುಗಿದು ಜೀವವಿರುವ ಚರ್ಮ ಎಲ್ಲಿ ಶುರುವಾಗುತ್ತದೆ ಎಂಬುದು ಮಾತ್ರ ಕಣ್ಣಿಗೆ ಗೊತ್ತಾಗುವುದಿಲ್ಲ. ರಕ್ತ ಬಂದ ಮೇಲೆ ಗೊತ್ತಾಗುತ್ತದೆ. ಕಾಲಿಗೆ ಸ್ಪರ್ಶ ಚೆನ್ನಾಗಿದ್ದರೆ ಅದಕ್ಕೆ ಮೊದಲೇ ನೋವು ಎಚ್ಚರಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲಿಗೆ ಆ ಎಚ್ಚರಿಕೆಯೂ ಇಲ್ಲ.

ಆ ಬ್ಲೇಡಿನ ಜಾಗದಲ್ಲಿ ಇಡಬಹುದಾದ ಒಂದು ಸಣ್ಣ ಟ್ಯೂಬಿನ ಬಗ್ಗೆ ಇವತ್ತು ಹೇಳಬೇಕು. ಅದರಲ್ಲಿರುವುದು ಶೇ 40ರಷ್ಟು ಯೂರಿಯಾ, ಜೆಲ್ ರೂಪದಲ್ಲೋ ಕ್ರೀಮಿನ ರೂಪದಲ್ಲೋ. ಹೆಸರು ಕೇಳಿದ ಕೂಡಲೇ ಗದ್ದೆಗೆ ಎರಚುವ ಬಿಳಿ ಕಾಳು ನೆನಪಾಗುತ್ತದೆ. ರಾಸಾಯನಿಕವಾಗಿ ಎರಡೂ ಒಂದೇ. ಹಾಗೆಂದು ಗೊಬ್ಬರದ ಚೀಲಕ್ಕೆ ಕೈ ಹಾಕಬಾರದು. ಅದು ಮೈಗೆ ಹಚ್ಚುವಷ್ಟು ಶುದ್ಧವಲ್ಲ, ಅದಕ್ಕೆ ಅಳತೆಯೂ ಇಲ್ಲ. ಆದರೆ ಯೂರಿಯಾ ಚರ್ಮಕ್ಕೆ ಹೊರಗಿನದೂ ಅಲ್ಲ. ನಮ್ಮ ಚರ್ಮದ ಮೇಲ್ಪದರದಲ್ಲಿ ತೇವ ಹಿಡಿದಿಡುವ ಸಹಜ ವಸ್ತುಗಳಲ್ಲಿ ಅದೂ ಒಂದು. ಫ್ರಾನ್ಸಿನ ರೂಯೆಲ್ 1773ರಲ್ಲಿ ಮೂತ್ರದಿಂದ ಅದನ್ನು ಬೇರ್ಪಡಿಸಿದ. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಪ್ರಯೋಗಾಲಯದಲ್ಲೇ ತಯಾರಿಸಿ ತೋರಿಸಿದಾಗ, ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುವ ವಸ್ತುಗಳಿವೆ ಎಂಬ ಹಳೆಯ ನಂಬಿಕೆಯೇ ಅಲುಗಾಡಿತು. ಅಂಥ ಇತಿಹಾಸವಿರುವ ಮದ್ದು ಮೆಡಿಕಲ್ ಶಾಪಿನ ಮೂಲೆಯಲ್ಲಿ ಯಾರೂ ಕೇಳದೆ ಕೂತಿದೆ.

ಯೂರಿಯಾದ ಗುಣ ಅದರ ಪ್ರಮಾಣದ ಮೇಲೆ ನಿಂತಿದೆ. ಶೇ 10ರ ಒಳಗಿದ್ದರೆ ಅದು ಬರೀ ತೇವ ಕೊಡುತ್ತದೆ. ಒಣ ಕಾಲಿಗೆ, ಚಳಿಗಾಲದಲ್ಲಿ ಬಿಳಿಚಿ ಸುಕ್ಕಾಗುವ ಮೊಣಕಾಲಿಗೆ ಅಷ್ಟು ಸಾಕು. ಶೇ 20 ದಾಟಿದ ಮೇಲೆ ಅದರ ಕೆಲಸ ಬದಲಾಗುತ್ತದೆ. ಉಗುರು, ಕೂದಲು, ಜಡ್ಡು ಎಲ್ಲವೂ ಕೆರಟಿನ್ ಎಂಬ ಪ್ರೋಟೀನಿನಿಂದಾದವು. ಯೂರಿಯಾ ಆ ಪ್ರೋಟೀನಿನ ಎಳೆಗಳನ್ನು ಹಿಡಿದಿಟ್ಟ ಬಂಧಗಳನ್ನು ಸಡಿಲಿಸಿ ನಡುವೆ ನೀರು ನುಗ್ಗಲು ಬಿಡುತ್ತದೆ. ಶೇ 40ರಲ್ಲಿ ಗಟ್ಟಿ ಉಗುರೂ ಕೆರೆದರೆ ಉದುರುವಷ್ಟು ಮೆತ್ತಗಾಗುತ್ತದೆ. ಇದರಲ್ಲಿ ನನಗೆ ಹಿಡಿಸಿದ್ದೆಂದರೆ, ಮದ್ದು ಹೆಚ್ಚಾಗಿ ಬೇಡದ ಗಟ್ಟಿ ಪದರವನ್ನೇ ಹಿಡಿಯುತ್ತದೆ, ಕೆಳಗಿನ ಒಳ್ಳೆಯ ಚರ್ಮಕ್ಕೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಬ್ಲೇಡಿಗೆ ಈ ವಿವೇಕ ಇಲ್ಲ.

ಹಚ್ಚುವ ಮೊದಲು ಏನಾಗಿದೆ ಎಂದು ನೋಡಿಕೊಳ್ಳಬೇಕು. ಜಡ್ಡು ಎಂದರೆ ಉಜ್ಜಿದ ಕಡೆ, ಒತ್ತಿದ ಕಡೆ ಚರ್ಮ ಅಗಲವಾಗಿ ದಪ್ಪಗಾಗುವುದು. ಅದು ರೋಗವಲ್ಲ, ರಕ್ಷಣೆ. ಸನಿಕೆ ಹಿಡಿಯುವ ಕೈಯಲ್ಲಿ, ವೀಣೆ ನುಡಿಸುವವರ ಬೆರಳ ತುದಿಯಲ್ಲಿ, ಜೀವಮಾನವಿಡೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಾಲಿನ ಹೊರಗಂಟಿನ ಮೇಲೆ ಅದು ಇದ್ದೇ ಇರುತ್ತದೆ. ನೋವಿಲ್ಲದಿದ್ದರೆ, ಬಿರುಕು ಬಿಡದಿದ್ದರೆ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ವೀಣೆಯವರ ಬೆರಳಿಗೆ ಈ ಜೆಲ್ ಹಚ್ಚಿದರೆ ಮರುದಿನ ತಂತಿ ಒತ್ತಲಾಗದು.

ಆಣಿ ಹಾಗಲ್ಲ. ಅದು ಒಂದೇ ಬಿಂದುವಿನಲ್ಲಿ ಒತ್ತಡ ಬಿದ್ದು, ನಡುವೆ ಹಳದಿ ಬಣ್ಣದ ಗಟ್ಟಿ ತಿರುಳು ಕಟ್ಟಿಕೊಂಡು ಒಳಮುಖವಾಗಿ ಚುಚ್ಚುತ್ತದೆ. ಮೇಲಿನಿಂದ ನೇರ ಒತ್ತಿದರೆ ಪ್ರಾಣ ಹೋದಷ್ಟು ನೋವು. ಎರಡೂ ಪಕ್ಕದಿಂದ ಹಿಂಡಿದಾಗ ಹೆಚ್ಚು ನೋವಾಗಿ, ಮೇಲಿನ ಪದರ ತೆಗೆದರೆ ಕಪ್ಪು ಚುಕ್ಕಿ ಕಂಡರೆ ಅದು ಬಹುಶಃ ಆಣಿಯಲ್ಲ, ವೈರಸ್ಸಿನಿಂದಾದ ನರಹುಲಿ. ಅದರ ಚಿಕಿತ್ಸೆಯೇ ಬೇರೆ. ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ಸಂದಿಯಲ್ಲಿ ಬೆವರಿಗೆ ನೆನೆದು ಬೆಳ್ಳಗಿರುವ ಮೆತ್ತನೆಯ ಆಣಿಯೂ ಉಂಟು. ಜನ ಅದನ್ನು ಫಂಗಸ್ ಎಂದುಕೊಂಡು ತಿಂಗಳುಗಟ್ಟಲೆ ಪುಡಿ ಹಾಕುತ್ತಾರೆ. ನಿಜವಾದ ಕಾರಣ ಮುಂದೆ ಚೂಪಾಗಿರುವ ಶೂ ಆಗಿರುತ್ತದೆ.

ಜಡ್ಡಿಗೆ, ಆಣಿಗೆ ಹಚ್ಚುವ ಕ್ರಮ ಸರಳ. ರಾತ್ರಿ ಕಾಲನ್ನು ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಬೆರಳ ಸಂದಿ ಸಮೇತ ಒರೆಸಿ, ಗಟ್ಟಿಯಾದ ಜಾಗಕ್ಕೆ ಮಾತ್ರ ತೆಳ್ಳಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಬೆಳಿಗ್ಗೆ ಸ್ನಾನದಲ್ಲಿ ಕಾಲುಜ್ಜುವ ಕಲ್ಲಿನಿಂದ ಹಗುರಾಗಿ ತಿಕ್ಕಿದರೆ ಬೂದುಬಣ್ಣದ ಪದರ ಒಂದಿಷ್ಟು ಉದುರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಾಳೆಯೂ ಇದೆ, ನಾಡಿದ್ದೂ ಇದೆ. ಒಂದೇ ದಿನ ಮುಗಿಸಿಬಿಡುವ ಆತುರದಿಂದಲೇ ಬ್ಲೇಡು ಕೈಗೆ ಬರುವುದು. ಒಡೆದು ಕೆಂಪಗಾದ ಹಿಮ್ಮಡಿಯ ಬಿರುಕಿಗೆ ಶೇ 40ರದ್ದು ಹಚ್ಚಿದರೆ ಉರಿ ತಡೆಯಲಾಗದು. ಅಲ್ಲಿಗೆ ಮೊದಲು ಕಡಿಮೆ ಪ್ರಮಾಣದ್ದು ಸಾಕು.

ಉಗುರಿನ ಮಾತು ಇನ್ನೂ ನಿಧಾನದ್ದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧದಷ್ಟು ಮಾತ್ರ. ಹೆಬ್ಬೆರಳಿನ ಉಗುರು ಬುಡದಿಂದ ತುದಿಗೆ ಪೂರ್ತಿ ಹೊಸದಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಕೆಲವರಲ್ಲಿ ಅದು ಹಳದಿಯಾಗಿ, ದಪ್ಪವಾಗಿ, ಟಗರಿನ ಕೊಂಬಿನಂತೆ ಸುತ್ತಿಕೊಂಡು ಪಕ್ಕದ ಬೆರಳಿಗೇ ಚುಚ್ಚುತ್ತದೆ. ಬಗ್ಗಲಾಗದ, ಕಣ್ಣು ಮಂಜಾದ ಅಜ್ಜಿಗೆ ಅದನ್ನು ಕತ್ತರಿಸಲಾಗದು. ಯಾರಿಗಾದರೂ ಹೇಳೋಣವೆಂದರೆ ಸಂಕೋಚ. ನೇಲ್ ಕಟರಿನ ಬಾಯಿಗೆ ಆ ಉಗುರು ಹಿಡಿಯುವುದೂ ಇಲ್ಲ. ಇಲ್ಲಿ ಜೆಲ್ ನಿಜವಾಗಿ ಕೈಹಿಡಿಯುತ್ತದೆ. ಉಗುರಿನ ಸುತ್ತಲ ಚರ್ಮಕ್ಕೆ ವ್ಯಾಸಲೀನ್ ಸವರಿ ಅಥವಾ ಟೇಪು ಅಂಟಿಸಿ, ಉಗುರಿನ ಮೇಲೆ ಮಾತ್ರ ಜೆಲ್ ದಪ್ಪಗೆ ಹಾಕಿ, ಪ್ಲಾಸ್ಟಿಕ್ ಹಾಳೆ ಸುತ್ತಿ ರಾತ್ರಿಯಿಡೀ ಬಿಡಬೇಕು. ಒಂದೆರಡು ವಾರ ಹೀಗೆ ಮಾಡಿದರೆ ಉಗುರು ಮೇಲಿನಿಂದ ಪದರ ಪದರವಾಗಿ ಸಡಿಲವಾಗುತ್ತದೆ, ಅರದಿಂದ ಉಜ್ಜಿ ತೆಳ್ಳಗೆ ಮಾಡಬಹುದು. ನೋವಿಲ್ಲ, ಇಂಜೆಕ್ಷನ್ ಇಲ್ಲ, ಉಗುರು ಕೀಳುವ ಶಸ್ತ್ರಕ್ರಿಯೆ ಇಲ್ಲ.

ಆದರೆ ದಪ್ಪಗಾದ ಉಗುರೆಲ್ಲ ಒಂದೇ ಕಾರಣಕ್ಕೆ ದಪ್ಪಗಾಗಿರುವುದಿಲ್ಲ. ಫಂಗಸ್ ಇರಬಹುದು, ಸೋರಿಯಾಸಿಸ್ ಇರಬಹುದು, ಎಂದೋ ಕಲ್ಲು ಎಡವಿದ ಪೆಟ್ಟಿರಬಹುದು, ಕಾಲಿಗೆ ರಕ್ತದ ಹರಿವು ಕಡಿಮೆಯಾಗಿರಬಹುದು. ಉಗುರಿನ ಅಡಿಯ ಪುಡಿಯನ್ನು ಕೆರೆದು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ನೆನೆಸಿ ಮೈಕ್ರೋಸ್ಕೋಪಿನಡಿ ನೋಡಿದರೆ ಫಂಗಸ್ಸಿನ ಎಳೆಗಳು ಕಾಣುತ್ತವೆ. ಕಡಿಮೆ ಖರ್ಚಿನ ಪರೀಕ್ಷೆ ಇದು. ಇದನ್ನು ಮಾಡಿಸದೆ ತಿಂಗಳುಗಟ್ಟಲೆ ಮಾತ್ರೆ ನುಂಗುವುದು ಸರಿಯಲ್ಲ, ಏಕೆಂದರೆ ಕಾಲುಗುರಿನ ಫಂಗಸ್ಸಿಗೆ ಕೊಡುವ ಟರ್ಬಿನಾಫಿನ್ ಸಾಮಾನ್ಯವಾಗಿ 12 ವಾರದ ಮಾತ್ರೆ, ಅದು ಲಿವರಿಗೆ ತೊಂದರೆ ಮಾಡುವ ಸಾಧ್ಯತೆಯೂ ಇದೆ. ಯೂರಿಯಾ ಜೆಲ್ ಫಂಗಸ್ಸನ್ನು ಕೊಲ್ಲುವುದಿಲ್ಲ. ರೋಗ ಹಿಡಿದ ದಪ್ಪ ಪದರವನ್ನು ತೆಗೆದು, ಮೇಲೆ ಹಚ್ಚುವ ಔಷಧಿ ಒಳಗಿಳಿಯಲು ದಾರಿ ಮಾಡಿಕೊಡುತ್ತದೆ.

ಇದೇ ಕುಟುಂಬದ ಇನ್ನೊಂದು ಮದ್ದು ನಮ್ಮಲ್ಲಿ ಹೆಚ್ಚು ಖರ್ಚಾಗುವುದು: ಸ್ಯಾಲಿಸಿಲಿಕ್ ಆಮ್ಲ. ಮೆಡಿಕಲ್ ಶಾಪಿನಲ್ಲಿ ‘ಕಾರ್ನ್ ಕ್ಯಾಪ್’ ಎಂದು ಕೇಳಿದರೆ ಕೊಡುವ ದುಂಡನೆಯ ಪಟ್ಟಿಯ ನಡುವೆ ಇರುವುದು ಅದೇ. ಕರಾವಳಿ, ಮಲೆನಾಡಿನ ಹಿರಿಯರಿಗೆ ಇದರ ಹತ್ತಿರದ ಬಂಧು ಬಹಳ ಹಿಂದಿನಿಂದ ಪರಿಚಿತ. ಒಡೆದ ಕಾಲಿಗೆ, ಆಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರಲ್ಲ, ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ ರಚನೆಯಲ್ಲಿ ಸ್ಯಾಲಿಸಿಲಿಕ್ ಆಮ್ಲಕ್ಕೇ ಉದ್ದನೆಯ ಬಾಲ ಸೇರಿಸಿದ್ದು. ಹಳಬರು ಸುಮ್ಮನೆ ಏನೋ ಹಚ್ಚುತ್ತಿರಲಿಲ್ಲ. ಆದರೆ ಗೇರೆಣ್ಣೆ ಎಷ್ಟು ಸುಡುತ್ತದೆ ಎಂಬುದು ಗೇರುಬೀಜ ಸುಲಿಯುವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ಗೊತ್ತು. ಕಾರ್ನ್ ಕ್ಯಾಪಿನ ಆಮ್ಲವೂ ಹಾಗೆಯೇ, ಸ್ವಲ್ಪ ಪಕ್ಕಕ್ಕೆ ಸರಿದರೆ ಒಳ್ಳೆಯ ಚರ್ಮವನ್ನೂ ಸುಟ್ಟು ಹುಣ್ಣು ಮಾಡುತ್ತದೆ. ಆರೋಗ್ಯವಂತರಿಗೆ ಆ ಹುಣ್ಣು ವಾರದಲ್ಲಿ ಮಾಯುತ್ತದೆ. ಸಕ್ಕರೆ ಕಾಯಿಲೆಯವರಿಗೆ ಮಾಯುತ್ತದೆ ಎಂಬ ಖಾತ್ರಿ ಇಲ್ಲ.

ನಾನು ಹೆಚ್ಚು ಹೇಳಬೇಕೆಂದಿರುವುದು ಅವರ ಬಗ್ಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಅವರಲ್ಲಿ ಹಲವರ ಪಾದಗಳಿಗೆ ಸ್ಪರ್ಶ ಮಂದವಾಗಿರುತ್ತದೆ. ಅಂಥ ಪಾದದ ಮೇಲಿನ ಜಡ್ಡು ಬರೀ ಜಡ್ಡಲ್ಲ. ಅದು ಒಳಗಿನ ಮಾಂಸದ ಮೇಲೆ ಹೆಜ್ಜೆ ಹೆಜ್ಜೆಗೂ ಒತ್ತುತ್ತದೆ, ಅಡಿಯಲ್ಲಿ ಗುಟ್ಟಾಗಿ ಹುಣ್ಣಾಗುತ್ತದೆ, ಒಂದು ದಿನ ಕಾಲುಚೀಲ ಒದ್ದೆಯಾದಾಗಲೇ ಮನೆಯವರಿಗೆ ತಿಳಿಯುವುದು. ಜಡ್ಡನ್ನು ತಜ್ಞರ ಕೈಯಲ್ಲಿ ತೆಗೆಸಿದರೆ ಆ ಜಾಗದ ಒತ್ತಡ ಸುಮಾರು ಕಾಲುಭಾಗ ಇಳಿಯುತ್ತದೆ ಎಂದು 1992ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಅಂದರೆ ಜಡ್ಡು ತೆಗೆಯಲೇಬೇಕು, ಆದರೆ ಮನೆಯಲ್ಲಿ ಬ್ಲೇಡಿನಿಂದಲೂ ಅಲ್ಲ, ಆಮ್ಲದಿಂದಲೂ ಅಲ್ಲ. ಯೂರಿಯಾ ಕ್ರೀಮನ್ನು ಕೂಡ ಅವರು ವೈದ್ಯರನ್ನು ಕೇಳಿಯೇ ಹಚ್ಚಬೇಕು, ಗಾಯವಿದ್ದರೆ ಹಚ್ಚಲೇಬಾರದು, ಬೆರಳ ಸಂದಿಗೆ ಸವರಬಾರದು. ಸ್ಪರ್ಶ ಎಷ್ಟಿದೆ ಎಂದು ತಿಳಿಯಲು ಒಂದು ನೈಲಾನ್ ಎಳೆ ಸಾಕು. 10 ಗ್ರಾಂ ಒತ್ತಡಕ್ಕೆ ಬಾಗುವ ಆ ಎಳೆಯನ್ನು ಕಣ್ಣು ಮುಚ್ಚಿಸಿ ಅಂಗಾಲಿಗೆ ತಾಗಿಸುತ್ತಾರೆ. ತಾಗಿದ್ದು ಗೊತ್ತಾಗದಿದ್ದರೆ ಆ ಕಾಲು ಅಪಾಯದಲ್ಲಿದೆ. ನಿಮಿಷಗಳ ಪರೀಕ್ಷೆ. ಸಕ್ಕರೆಯ ರಿಪೋರ್ಟು ನೋಡುವ ಎಲ್ಲ ಕ್ಲಿನಿಕ್ಕುಗಳಲ್ಲೂ ಇದು ವರ್ಷಕ್ಕೊಮ್ಮೆಯಾದರೂ ನಡೆಯಬೇಕು.

ಈ ತಿಳಿವಳಿಕೆಯ ದೊಡ್ಡ ಭಾಗ ನಮ್ಮ ಪಕ್ಕದ ವೆಲ್ಲೂರಿನಿಂದ ಬಂದದ್ದು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಡುತ್ತಿದ್ದ ಡಾ. ಪಾಲ್ ಬ್ರ್ಯಾಂಡ್, ಕಾಲು ಕೊಳೆಯುವುದು ರೋಗದಿಂದಲೇ ಅಲ್ಲ, ನೋವು ತಿಳಿಯದ ಪಾದದ ಅದೇ ಜಾಗಕ್ಕೆ ಮತ್ತೆ ಮತ್ತೆ ಬೀಳುವ ಒತ್ತಡದಿಂದ ಎಂದು ಕಂಡುಕೊಂಡರು. ಆ ಕೆಲಸದಿಂದಲೇ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಬಳಕೆಗೆ ಬಂತು. ಅದೇ ಪಾಠವನ್ನು ಅವರು ಮುಂದೆ ಅಮೆರಿಕದಲ್ಲಿ ಮಧುಮೇಹಿಗಳ ಪಾದಕ್ಕೂ ಅನ್ವಯಿಸಿದರು. ಆಣಿಯವರೂ ಇದನ್ನು ನೆನಪಿಡಬೇಕು. ಎಷ್ಟೇ ಒಳ್ಳೆಯ ಜೆಲ್ ಹಚ್ಚಿದರೂ ಒತ್ತುವ ಚಪ್ಪಲಿ ಬದಲಾಗದಿದ್ದರೆ ಆಣಿ ಅದೇ ಜಾಗದಲ್ಲಿ ಮತ್ತೆ ಕಟ್ಟುತ್ತದೆ. ಚಪ್ಪಲಿ ಕೊಳ್ಳುವುದಾದರೆ ಕಾಲು ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ ಹೋಗಿ, ಬೆರಳುಗಳು ಆಡುವಷ್ಟು ಮುಂದೆ ಅಗಲವಿರುವುದನ್ನು ಆರಿಸಬೇಕು. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೋ ಯುಗಾದಿಗೆ ಶ್ರೀಶೈಲಕ್ಕೋ ಬರಿಗಾಲಲ್ಲಿ ನಡೆಯುವವರಲ್ಲಿ ಸಕ್ಕರೆ ಇರುವವರು ಎಷ್ಟೋ ಮಂದಿ. ಅವರ ಭಕ್ತಿಗೆ ಕೈಮುಗಿದೇ ಹೇಳುತ್ತೇನೆ, ಹರಕೆಯನ್ನು ಚಪ್ಪಲಿ ಹಾಕಿಕೊಂಡೇ ತೀರಿಸಿ.

ಮೆಡಿಕಲ್ ಶಾಪಿನವರಲ್ಲಿ ಒಂದು ಮನವಿ. ಯಾರಾದರೂ ಬಂದು ಆಣಿಗೆ ಪಟ್ಟಿ ಕೊಡಿ ಎಂದು ಕೇಳಿದಾಗ, ಕೊಡುವ ಮೊದಲು “ಶುಗರ್ ಇದೆಯಾ?” ಎಂದು ದಯವಿಟ್ಟು ಕೇಳಿ. ಇದೆ ಎಂದರೆ ಪಟ್ಟಿ ಕೊಡಬೇಡಿ, ಡಾಕ್ಟರ ಹತ್ತಿರ ಕಳಿಸಿ.