ಹೆಸರು ತಿಳಿಯುವವರೆಗೆ

ಹುಳು ಎಂದ ಮಾತ್ರಕ್ಕೆ ಮುಂದೇನು ಮಾಡಬೇಕೆಂಬುದು ನಮಗೆ ಗೊತ್ತಾಗಿಬಿಡುತ್ತದೆ. ಅಕ್ಕಿಯಲ್ಲಿ ಹುಳುವಾದರೆ ಮೊರ ಹಿಡಿದು ಬಿಸಿಲಿಗೆ ಕೂರುತ್ತೇವೆ. ಹೂಕೋಸಿನಲ್ಲಾದರೆ ಬಿಸಿ ಉಪ್ಪುನೀರಿಗೆ ಹಾಕುತ್ತೇವೆ. ಬದನೆಕಾಯಿಯಲ್ಲಾದರೆ ಕಾಯಿಯ ಸಮೇತ ಹೊರಗೆಸೆಯುತ್ತೇವೆ. ಅದು ಯಾವ ಹುಳು, ಏನು ತಿಂದು ಬದುಕುತ್ತದೆ ಎಂದು ವಿಚಾರಿಸುವವರು ಯಾರು? ಹೊಲದ ಎರೆಹುಳುವಿಗೂ ಅದೇ ಹೆಸರು, ನಮ್ಮ ಮದುವೆಯ ಸೀರೆಗೆ ನೂಲು ಕೊಟ್ಟದ್ದಕ್ಕೂ ಅದೇ ಹೆಸರು. ಹಾಗೆಂದು ಹೆಸರು, ಉಪಯೋಗ ತಿಳಿದ ಮೇಲೆ ದಯೆ ಬರುತ್ತದೆ ಎಂದೂ ಹೇಳಲಾರೆ. ರೇಷ್ಮೆಗೂಡನ್ನು ಕುದಿಯುವ ನೀರಿಗೆ ಹಾಕಿಯೇ ನೂಲು ತೆಗೆಯುವುದು. ಒಳಗಿನ ಜೀವದ ಗತಿ ನಮಗೆಲ್ಲ ಗೊತ್ತಿದ್ದದ್ದೇ.

ಆದರೆ ಹೆಸರೇ ತಿಳಿಯದ ಜೀವವೊಂದು ಎದುರಿಗೆ ಬಂದರೆ? ಅದು ಏನೆಂದು ಗೊತ್ತಾಗುವವರೆಗಿನ ಹೊತ್ತಿನಲ್ಲಿ ಅದಕ್ಕೆ ನಾವು ಏನು ಸಲ್ಲಿಸಬೇಕು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಮಗನ ಮೀನಿನ ತೊಟ್ಟಿಯಿಂದ.

ನಾವಿರುವುದು ಶಿವಮೊಗ್ಗದಲ್ಲಿ, ಸಮುದ್ರ ಘಟ್ಟದ ಕೆಳಗೆ. ಆದರೂ ನಮ್ಮ ನಡುಮನೆಯಲ್ಲಿ ಎರಡು ವರ್ಷದಿಂದ ಪುಟ್ಟದೊಂದು ಸಮುದ್ರವಿದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಿ, ತೂಕ ನೋಡಿ, ಕಿತ್ತಳೆ ಬಣ್ಣದ ಮೇಲೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನುಗಳನ್ನು ಮಗ ಸಾಕಿಕೊಂಡಿದ್ದಾನೆ. ಪರಿಚಯದವರ ಹಳೆಯ ತೊಟ್ಟಿಯಿಂದ ಒಂದು ಕಲ್ಲನ್ನೂ ತಂದಿಟ್ಟಿದ್ದ. ಕೆಲವು ತಿಂಗಳ ಮೇಲೆ ಒಂದು ರಾತ್ರಿ ದೀಪ ಆರಿಸಿದ ನಂತರ ನೋಡಿದರೆ, ನೀರಿನ ತುಂಬ ಅಂಗುಲದುದ್ದದ ಕೆಂಪು ಎಳೆಗಳು ಸುರುಳಿ ಸುತ್ತುತ್ತ ಈಜುತ್ತಿವೆ!

"ಗೊತ್ತಿಲ್ಲದ್ದನ್ನ ಮನೇಲಿ ಇಟ್ಕೋಬಾರದು ಕಣೋ, ಮೊದಲು ಚೆಲ್ಲು" ಎಂದರು ನಮ್ಮತ್ತೆ.

ಅತ್ತೆಯವರ ಮಾತು ಬರೀ ಹೆದರಿಕೆಯದಲ್ಲ. ಇಂಗ್ಲೆಂಡಿನ ನ್ಯೂಕ್ವೇ ಊರಿನ ಮತ್ಸ್ಯಾಲಯವೊಂದರಲ್ಲಿ ಮೀನುಗಳು ಗಾಯಗೊಳ್ಳುತ್ತಿದ್ದವು, ಹವಳ ತುಂಡಾಗುತ್ತಿತ್ತು. 2009ರಲ್ಲಿ ಕಲ್ಲುಗಳನ್ನೆಲ್ಲ ಎತ್ತಿ ನೋಡಿದಾಗ ಸಿಕ್ಕಿದ್ದು ಸುಮಾರು ನಾಲ್ಕು ಅಡಿಯ, ಬಲವಾದ ದವಡೆಯ ಕಡಲ ಹುಳು. ತೊಟ್ಟಿಯೊಳಗಿನ ಎರಡು ಮೀನುಗಳ ಹೊಣೆಯೂ ನಮ್ಮದೇ ತಾನೆ?

ಮಗ ಚೆಲ್ಲಲಿಲ್ಲ. ಗಾಜಿನ ಬಟ್ಟಲಿಗೆ ತೊಟ್ಟಿಯ ನೀರನ್ನೇ ತುಂಬಿ, ಒಂದನ್ನು ಮಾತ್ರ ಅದರಲ್ಲಿ ಹಿಡಿದ. ನಲ್ಲಿ ನೀರಿಗೆ ಹಾಕಿದ್ದರೆ ಪರೀಕ್ಷೆಗೆ ಮೊದಲೇ ಅದು ಸಾಯುತ್ತಿತ್ತು. ಆಮೇಲೆ ಮಂಗಳೂರಿನಲ್ಲಿ ಮೀನುಗಾರಿಕೆ ಓದಿದ ಗೆಳೆಯನಿಗೆ ಫೋನು ಮಾಡಿದ. ಆತ ಕೇಳಿದ ಪ್ರಶ್ನೆಗಳು ನನಗೆ ಬಹಳ ಹಿಡಿಸಿದವು. ಎಲೆಯ ಹಾಗೆ ಚಪ್ಪಟೆಯೋ, ಮೈಯಲ್ಲಿ ಉಂಗುರಗಳಿವೆಯೋ? ಎರಡೂ ಪಕ್ಕ ಕಾಲಿನಂಥವು ಇವೆಯೇ? ಕಣ್ಣು ದೊಡ್ಡದೇ? ಕತ್ತಲಲ್ಲಿ ಮಾತ್ರ ಬರುತ್ತವೆಯೇ? ಮೀನುಗಳನ್ನು ಮುಟ್ಟುತ್ತಿವೆಯೇ? ಬರಿಗೈಯಲ್ಲಿ ಹಿಡಿಯಬೇಡ, ಕೆಲವು ಜಾತಿಯವುಗಳ ರೋಮ ಪಾಪಾಸುಕಳ್ಳಿಯ ಮುಳ್ಳಿನಂತೆ ಚುಚ್ಚುತ್ತದೆ ಎಂದೂ ಎಚ್ಚರಿಸಿದ. ಭೂತಗನ್ನಡಿ ಹಿಡಿದು ಉತ್ತರ ಹೇಳಿದೆವು.

ಎರೆಹುಳುವಿನ ದೂರದ ನೆಂಟ ಎಂದು ಗೊತ್ತಾಯಿತು. ಕಲ್ಲಿನ ಸಂದಿಯಲ್ಲಿ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇದ್ದು, ಸಂತಾನದ ಕಾಲ ಬಂದಾಗ ಇದರ ಮೈಯೇ ಬದಲಾಗುತ್ತದಂತೆ. ಕಣ್ಣು ದೊಡ್ಡದಾಗುತ್ತದೆ, ಪಕ್ಕದ ಕಾಲುಗಳು ಹುಟ್ಟಿನಂತೆ ಅಗಲವಾಗುತ್ತವೆ, ಹೊಟ್ಟೆಯ ಕರುಳು ಕುಗ್ಗುತ್ತದೆ. ಇನ್ನು ಊಟವಿಲ್ಲ. ಕತ್ತಲಲ್ಲಿ ಮೇಲೆದ್ದು ಬರುತ್ತದೆ, ಮೊಟ್ಟೆ ಚೆಲ್ಲುತ್ತದೆ, ಸಾಯುತ್ತದೆ.

"ಬೆಳಗಾಗೋದ್ರಲ್ಲಿ ಸಾಯೋದಕ್ಕೆ ಇಷ್ಟೊಂದು ಪಂಚಾಯ್ತಿಯೇ?" ಎಂದು ನಮ್ಮವರು ನಕ್ಕರು. ಅವರ ಮಾತಿನಲ್ಲಿ ಲೆಕ್ಕ ಸರಿಯಿತ್ತು. ಆದರೆ ಬೆಳಗಿನವರೆಗಿನ ಆ ಹೊತ್ತಿಗಾಗಿಯೇ ಅದು ಅಷ್ಟು ದಿನ ಕಲ್ಲೊಳಗೆ ಬದುಕಿದ್ದು. ಉಳಿದ ಆಯುಷ್ಯ ಚಿಕ್ಕದೆಂದು ಅದನ್ನು ಕಿತ್ತುಕೊಳ್ಳುವುದು ಹಗುರವಾಗುತ್ತದೆಯೇ? ಹಾಗಾದರೆ ಹಾಸಿಗೆ ಹಿಡಿದ ಮುದುಕರ ವಿಷಯದಲ್ಲಿ ಏನು ಹೇಳುತ್ತೀರಿ?

ಇಂಡೊನೇಷ್ಯಾದ ಲೊಂಬೊಕ್ ದ್ವೀಪದವರು ಇದರ ಬಳಗದ ಹುಳುಗಳಿಗಾಗಿ ವರ್ಷವಿಡೀ ಕಾಯುತ್ತಾರೆ. ಅಲ್ಲಿ ಅದಕ್ಕೆ ನ್ಯಾಲೆ ಎಂದು ಹೆಸರು. ಮಂದಾಲಿಕಾ ಎಂಬ ರಾಜಕುಮಾರಿ, ತನ್ನ ಕೈಹಿಡಿಯಲು ಬಂದ ರಾಜಕುಮಾರರು ತನಗಾಗಿ ಯುದ್ಧ ಮಾಡಬಾರದೆಂದು ಸಮುದ್ರಕ್ಕೆ ಹಾರಿದಳಂತೆ. ಅವಳೇ ಈ ಹುಳುಗಳಾಗಿ ಬರುತ್ತಾಳೆಂಬುದು ಜನರ ನಂಬಿಕೆ. ಫೆಬ್ರವರಿ ಮಾರ್ಚ್ ಸುಮಾರಿಗೆ ಅವರು ರಾತ್ರಿಯೆಲ್ಲ ಕಡಲತೀರದಲ್ಲಿ ಕಾದು, ಬಲೆಯಲ್ಲಿ ಹಿಡಿದು, ಅಡಿಗೆ ಮಾಡಿ ಉಣ್ಣುತ್ತಾರೆ. ಒಂದೇ ಬಳಗದ ಜೀವ: ಅಲ್ಲಿ ರಾಜಕುಮಾರಿ, ಊಟದ ತಟ್ಟೆಯಲ್ಲಿ ಪ್ರಸಾದ, ನಮ್ಮ ನಡುಮನೆಯಲ್ಲಿ ಅಸಹ್ಯ. ಹುಳುವಿಗೆ ಇದಾವುದೂ ಗೊತ್ತಿಲ್ಲ.

ಆ ರಾತ್ರಿ ಬಟ್ಟಲಿನದನ್ನೂ ತೊಟ್ಟಿಗೇ ಬಿಟ್ಟೆವು. ಕೆಲವನ್ನು ಮೀನುಗಳೇ ನುಂಗಿದವು, ಅದು ಅವುಗಳ ನಡುವಿನ ವ್ಯವಹಾರ. ಸತ್ತವು ಕೊಳೆತರೆ ಚಿಕ್ಕ ತೊಟ್ಟಿಯ ನೀರು ವಿಷವಾಗುತ್ತದೆಂದು ಬೆಳಿಗ್ಗೆ ಮಗ ಕೊಳವೆಯಿಂದ ಅವುಗಳನ್ನು ಎಳೆದು ತೆಗೆದು, ಒಂದಷ್ಟು ನೀರು ಬದಲಿಸಿದ.

ನಮ್ಮ ಬೀದಿಯಲ್ಲಿ ಮಹಡಿ ಮನೆಗೆ ಹೊಸಬರು ಬಂದರೆ "ಯಾವ ಕಡೆಯವರು?" ಎಂದು ಕೇಳುತ್ತೇವೆ. ಅದೂ ಹೆಸರು ತಿಳಿಯುವ ಪ್ರಶ್ನೆಯೇ. ಆದರೆ ಅದರ ಉತ್ತರ ಸಿಕ್ಕಿದ ಕೂಡಲೇ ನೋಡುವುದನ್ನು ನಿಲ್ಲಿಸಿಬಿಡುತ್ತೇವೆ. ಮಗನ ಗೆಳೆಯನ ಪ್ರಶ್ನೆಗಳೋ, ಮತ್ತೆ ಮತ್ತೆ ನೋಡುವಂತೆ ಮಾಡಿದವು. ಎಷ್ಟು ಹೊತ್ತಿಗೆ ಬರುತ್ತಾರೆ, ಹೇಗೆ ಬದುಕುತ್ತಾರೆ, ಯಾರಿಗಾದರೂ ನೋವು ಮಾಡಿದ್ದಾರೆಯೇ? ನೋವು ಮಾಡಿದ್ದು ಕಂಡರೆ ದೂರ ಇಡೋಣ, ಬೇಡವೆನ್ನುವವರಾರು? ಕಾಣುವವರೆಗೆ ಎಚ್ಚರವಿರಲಿ, ಆದರೆ ವಿಚಾರಣೆ ಮಾಡುವಷ್ಟು ಹೊತ್ತಾದರೂ ಅವರವರ ನೀರಿನಲ್ಲಿಯೇ ಅವರನ್ನು ಇರಗೊಡೋಣ.