ಆತ್ಮಸ್ತುತಿಯ ನಮೂನೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2010ರ ನಿಯಮಾವಳಿಯಲ್ಲಿ ಬಡ್ತಿಗಾಗಿ ಅಧ್ಯಾಪಕನ ಪಾಠಪ್ರವಚನ, ಪರೀಕ್ಷಾಕಾರ್ಯ, ಸಂಶೋಧನೆ, ಸಭೆಸಮಿತಿಗಳ ದುಡಿಮೆ ಇವೆಲ್ಲಕ್ಕೂ ಅಂಕಗಳನ್ನು ಗೊತ್ತುಮಾಡಿ, ಅವುಗಳನ್ನು ಮೊದಲು ಅವನೇ ತನಗೆ ಕೊಟ್ಟುಕೊಂಡು, ಪುರಾವೆಸಮೇತ ಪರಿಶೀಲನಾ ಸಮಿತಿಗೆ ಒಪ್ಪಿಸತಕ್ಕದ್ದೆಂದು ವಿಧಿಸಿತು. ಸ್ಟಾಫ್ ರೂಮುಗಳಲ್ಲಿ ಎಪಿಐ ಎಂದೇ ಪ್ರಸಿದ್ಧವಾದ ಈ ಪದ್ಧತಿಯಲ್ಲಿ ಬೋಧನೆಯ ವರ್ಗಕ್ಕೆ ವರ್ಷವೊಂದಕ್ಕೆ ಗರಿಷ್ಠ 125 ಅಂಕ, ಅದರಲ್ಲಿ 75 ಆದರೂ ಬರಬೇಕಾಗಿತ್ತು. ತಜ್ಞರು ಪರಿಶೀಲಿಸಿದ ಪತ್ರಿಕೆಯಲ್ಲಿ ಲೇಖನವೊಂದು ಅಚ್ಚಾದರೆ 15 ಸಿಗುತ್ತಿದ್ದುವು. ಕಾಗದದ ನಮೂನೆ ಹಲವೆಡೆ ಪೋರ್ಟಲಿಗೆ ಏರಿದ ಮೇಲಂತೂ, ಆಷಾಢದ ಮಳೆಯಲ್ಲಿ ಕರೆಂಟು ಹೋಗುತ್ತ ಬರುತ್ತ ಇರುವ ಕೊಪ್ಪದಲ್ಲೋ ನರಸಿಂಹರಾಜಪುರದಲ್ಲೋ ಕುಳಿತ ಅಧ್ಯಾಪಕನು, ಪ್ರಮಾಣಪತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ, ಪಿಡಿಎಫ್ ದೊಡ್ಡದಾಯಿತೆಂದು ಪೋರ್ಟಲು ತಿರಸ್ಕರಿಸಿದುದನ್ನು ಕುಗ್ಗಿಸಿ, ಕಡೆಯ ಪುಟದಲ್ಲಿ ನೆಟ್‌ವರ್ಕ್ ಕಡಿದುಹೋಗಲು, ಪುನಃ ಲಾಗಿನ್‌ನಿಂದ ತೊಡಗಬೇಕಾಗುತ್ತದೆ.

ಅಧ್ಯಾಪಕರ ಸಂಘಗಳು ಇದನ್ನು ಪ್ರತಿಭಟಿಸಿದುದು ಸಹಜವೇ. 2016ರ ಬೇಸಗೆಯಲ್ಲಿ ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರ ಸಂಘವು ಹೆಚ್ಚಿಸಿದ ಬೋಧನಾವಧಿಯನ್ನೂ ಈ ಅಂಕಪದ್ಧತಿಯನ್ನೂ ವಿರೋಧಿಸಿ ಉತ್ತರಪತ್ರಿಕೆಗಳ ಮೌಲ್ಯಮಾಪನವನ್ನು ಬಹಿಷ್ಕರಿಸಿತು. ತಮ್ಮನ್ನು ಅಳೆಯುವ ರೀತಿಯನ್ನು ಒಪ್ಪದವರು ಪರರನ್ನು ಅಳೆಯುವ ಕೆಲಸವನ್ನೇ ನಿಲ್ಲಿಸಿದರು. 2018ರ ನಿಯಮಾವಳಿ ಕಾಲೇಜು ಅಧ್ಯಾಪಕರ ಮೇಲಿನ ಅಂಕಗಳ ಹೊರೆಯನ್ನು ಇಳಿಸಿ, ತನಗೆ ಒಪ್ಪಿಸಿದ ತರಗತಿಗಳಲ್ಲಿ ಶೇಕಡ 80ಕ್ಕೆ ಕಡಮೆಯಿಲ್ಲದಂತೆ ಪಾಠ ಹೇಳಿದವನು ಉತ್ತಮನೆಂಬ ಸರಳ ಶ್ರೇಣಿಯನ್ನು ತಂದಿತು. ವೃತ್ತಾಂತ ಇಷ್ಟೆ. ಅದರೊಳಗೆ ಅಡಗಿರುವ ಧರ್ಮಸೂಕ್ಷ್ಮ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಮಲೆನಾಡಿನಲ್ಲಿ ತಾಳಮದ್ದಳೆ ಕೇಳಿ ಬೆಳೆದವರಿಗೆ ಕರ್ಣಪರ್ವ ಹೊಸದಲ್ಲ. ಕರ್ಣನ ಬಾಣಗಳಿಂದ ನೊಂದು ಬಿಡಾರ ಸೇರಿದ ಧರ್ಮರಾಯನು, ಶತ್ರುವನ್ನು ಕೊಲ್ಲದೆಯೇ ತನ್ನನ್ನು ಕಾಣಬಂದ ಅರ್ಜುನನನ್ನು ಹಳಿದು, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದನು. ಹಾಗೆ ನುಡಿದವನ ತಲೆ ತೆಗೆಯುವೆನೆಂಬ ಪ್ರತಿಜ್ಞೆಯಿದ್ದುದರಿಂದ ಅರ್ಜುನನು ಕತ್ತಿ ಹಿರಿಯಲು, ಹಿರಿಯನನ್ನು ಅವಮಾನಿಸುವುದು ಅವನನ್ನು ಕೊಂದುದಕ್ಕೆ ಸಮವೆಂದು ಹೇಳಿ ಕೃಷ್ಣನು ತಡೆದನು. ಅಣ್ಣನನ್ನು ಬೈದು ಪ್ರತಿಜ್ಞೆ ಉಳಿಸಿಕೊಂಡ ಮೇಲೆ ಪಶ್ಚಾತ್ತಾಪದಿಂದ ತನ್ನನ್ನೇ ಇರಿದುಕೊಳ್ಳಹೊರಟ ತಮ್ಮನಿಗೆ ಕೃಷ್ಣನು ಸೂಚಿಸಿದ ಎರಡನೆಯ ಉಪಾಯವೇ ಪ್ರಕೃತಕ್ಕೆ ಸಲ್ಲುವಂಥದು: ನಿನ್ನ ಗುಣಗಳನ್ನು ನಿನ್ನ ಬಾಯಿಂದಲೇ ಹೊಗಳಿಕೊ, ಅದೇ ಆತ್ಮಹತ್ಯೆ. ಅಲ್ಲಿ ಮರಣಕ್ಕೆ ಬದಲಾಗಿ ವಿಧಿಸಿದ ಪ್ರಾಯಶ್ಚಿತ್ತ ಇಲ್ಲಿ ಬಡ್ತಿಗೆ ಅರ್ಹತೆ.

ಇದು ಕೇವಲ ಸಂಕೋಚದ ಪ್ರಶ್ನೆಯೆಂದು ಯಾರೂ ತಿಳಿಯಬಾರದು. ವರ್ಷವರ್ಷವೂ ತನ್ನನ್ನು ಹೊಗಳಿಕೊಳ್ಳಲೇಬೇಕಾದವನು ಹೊಗಳಿಕೆಗೆ ಬೇಕಾದ ಸಾಮಗ್ರಿಯನ್ನು ಎಲ್ಲಿಂದಾದರೂ ಒದಗಿಸಿಕೊಳ್ಳುತ್ತಾನೆ. ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದುವು. ತಾನೇ ಮಾನ್ಯಮಾಡಿದ್ದ ಪಟ್ಟಿಯಿಂದ ಆಯೋಗವು 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು.

ಹಾಗಾದರೆ ಪರೀಕ್ಷೆಯೇ ಬೇಡವೆ? ಶೃಂಗೇರಿಯ ನೆರೆಯಲ್ಲಿ ಬಾಳುವವನು ಹಾಗೆನ್ನಲಾರನು. ಅಲ್ಲಿ ಭಾದ್ರಪದದ ಚೌತಿಯಿಂದ ಮೊದಲಾಗುವ ವಾಕ್ಯಾರ್ಥಸಭೆಯಲ್ಲಿ ನ್ಯಾಯ ಮೀಮಾಂಸೆ ವ್ಯಾಕರಣ ವೇದಾಂತಗಳ ವಿದ್ವಾಂಸರು ಜಗದ್ಗುರುಗಳ ಸಮ್ಮುಖದಲ್ಲಿ ವಿಷಯವನ್ನು ಮಂಡಿಸುವಾಗ, ಎದುರಿಗೆ ಕುಳಿತವರು ನಡುವೆಯೇ ಆಕ್ಷೇಪ ಎತ್ತುತ್ತಾರೆ, ಗುರುಗಳೂ ಪ್ರಶ್ನಿಸುತ್ತಾರೆ. ಅದಕ್ಕಿಂತ ಕಠಿನವಾದ ಪರೀಕ್ಷೆಯನ್ನು ಯಾವ ಪೋರ್ಟಲೂ ಮಾಡಲಾರದು. ಆದರೆ ಅಲ್ಲಿ ಪರೀಕ್ಷಿಸುವವನಿಗೆ ಮುಖವುಂಟು, ಶಾಸ್ತ್ರ ತಿಳಿದಿರುತ್ತದೆ, ಅವನ ಆಕ್ಷೇಪಕ್ಕೂ ಪ್ರತ್ಯುತ್ತರವುಂಟು. ಶಂಕರವಿಜಯದ ಸಂಪ್ರದಾಯ ಇದನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಶಂಕರರಿಗೂ ಮಂಡನಮಿಶ್ರರಿಗೂ ನಡೆದ ವಾದದಲ್ಲಿ ತೀರ್ಪುಗಾರಳಾದವಳು ಮಂಡನರ ಪತ್ನಿ ಉಭಯಭಾರತಿ; ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಬಾಡಿದ ಮಾಲೆಯವರು ಸೋತವರೆಂದು ಹೇಳಿ ಅವಳು ಮನೆಗೆಲಸಕ್ಕೆ ಹೋದಳಂತೆ. ಮಾಲೆ ಯಾಂತ್ರಿಕವಾದ ಅಳತೆಯೇ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಕಥೆ ಮಾಲೆ ಬಾಡಿದಲ್ಲಿಗೆ ಮುಗಿಯಲಿಲ್ಲ. ಗಂಡ ಸೋತನೆಂದು ನಿಷ್ಪಕ್ಷಪಾತವಾಗಿ ಸಾರಿದ ಆ ತೀರ್ಪುಗಾರಳೇ ಪೀಠ ಬಿಟ್ಟಿಳಿದು, ಪತಿಯ ಅರ್ಧಾಂಗಿಯಾದ ತನ್ನನ್ನೂ ಗೆಲ್ಲಬೇಕೆಂದು ವಾದಕ್ಕೆ ನಿಂತಳು. ನಿರ್ಣಯಿಸಿದವಳು ತಾನೂ ಪರೀಕ್ಷೆಗೆ ಒಳಗಾದಳು. ಪೋರ್ಟಲಿನ ಹಿಂದೆ ಕುಳಿತವರಾರೋ ಅವರಿಗೆ ಈ ಕಷ್ಟವಿಲ್ಲ.

ಇಲ್ಲಿ ಕೆಲವರು ಗೀತೆಯನ್ನು ಮುಂದಿಡುತ್ತಾರೆ: ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡೆಂದಿರುವಾಗ, ಗುರುಸ್ಥಾನದಲ್ಲಿರುವವರು ಬಡ್ತಿಗಾಗಿ ಸಂಘ ಕಟ್ಟಿ ಕೂಗಾಡುವುದು ಶೋಭೆಯೇ ಎಂದು. ಈ ವಾದದಷ್ಟು ನನಗೆ ಬೇಸರ ತರುವುದು ಮತ್ತೊಂದಿಲ್ಲ. ಫಲತ್ಯಾಗವು ಕರ್ತೃವು ತಾನಾಗಿ ಕೈಕೊಳ್ಳತಕ್ಕ ವ್ರತ. ಯಜಮಾನನು ಆಳಿಗೆ ವಿಧಿಸಬಹುದಾದ ಕಟ್ಟಳೆಯಲ್ಲ. ಬಲವಂತದ ವೈರಾಗ್ಯವೇ ಶ್ರೇಷ್ಠವಾಗಿದ್ದರೆ ನಮ್ಮ ಸರ್ಕಾರಿ ಪ್ರಥಮದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು ಎಂದೋ ಜೀವನ್ಮುಕ್ತರಾಗಿರಬೇಕಿತ್ತು. 2021ರ ಕಡೆಯಲ್ಲಿ ಅವರು ತರಗತಿ ಬಿಟ್ಟು ಮುಷ್ಕರಕ್ಕೆ ಕುಳಿತುದು ಸೇವಾಭದ್ರತೆಗಾಗಿ. ಬಡ್ತಿಯೇ ಇಲ್ಲದವರಿಗೆ ಬಡ್ತಿಯ ನಮೂನೆಯ ಗೊಡವೆಯೂ ಇಲ್ಲ.

ಪಾಠದ ಫಲ ಎಲ್ಲಿ, ಎಂದು ಕಾಣಿಸಿಕೊಳ್ಳುತ್ತದೆಂಬುದೇ ತೊಡಕಿನ ವಿಷಯ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಮೈಸೂರಿನಲ್ಲಿ ಟಿ. ಎಸ್. ವೆಂಕಣ್ಣಯ್ಯನವರ ಶಿಷ್ಯರು. ವೆಂಕಣ್ಣಯ್ಯನವರು ಬರೆದು ಬಿಟ್ಟುಹೋದ ಗ್ರಂಥರಾಶಿ ದೊಡ್ಡದಲ್ಲ. ಅವರು ತೀರಿಕೊಂಡದ್ದು 1939ರಲ್ಲಿ. ‘ಶ್ರೀ ರಾಮಾಯಣದರ್ಶನಂ’ ಹೊರಬಂದುದು ಹತ್ತು ವರ್ಷಗಳ ಬಳಿಕ, ಆ ಗುರುವಿಗೇ ಅರ್ಪಿತವಾಗಿ. ಈ ಅರ್ಪಣೆಯನ್ನು 1938-39ನೆಯ ಸಾಲಿನ ಸ್ವಮೌಲ್ಯಮಾಪನ ವರದಿಯ ಯಾವ ಕಲಮಿನಲ್ಲಿ ತುಂಬಬಹುದಾಗಿದ್ದಿತು?

ಎಲ್ಲ ಅಧ್ಯಾಪಕರೂ ವೆಂಕಣ್ಣಯ್ಯನವರಲ್ಲವೆಂಬುದು ನಿಜ; ಸೋಮಾರಿಗಳೂ ಇದ್ದಾರೆ, ಸಂಘದ ನೆರಳು ಅವರಿಗೂ ಸಿಕ್ಕುತ್ತದೆ. ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಗೆ ಹೋಗಿಬರುವವರು ಅನೇಕಾಂತವನ್ನು ನೆನೆದು, ಅಂಕವೂ ಒಂದು ದೃಷ್ಟಿಯಿಂದ ಸತ್ಯವೆಂದಾರು. ಆಗಲಿ, ಆ ಒಂದು ದೃಷ್ಟಿ ಯಾರದೆಂಬುದನ್ನು ಹೆಸರು ಬರೆದು, ಸಹಿಮಾಡಿ ತಿಳಿಸಲಿ. ಮೌಲ್ಯಮಾಪಕನು ಕೊಪ್ಪದ ತರಗತಿಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಲಿ, ಪ್ರಶ್ನಿಸಲಿ, ತನ್ನ ಅಭಿಪ್ರಾಯಕ್ಕೆ ಅಧ್ಯಾಪಕನು ಕೊಡುವ ಉತ್ತರವನ್ನೂ ಅದೇ ಹಾಳೆಯಲ್ಲಿ ದಾಖಲಿಸಲಿ. ಸಂಘಗಳು ಅಂಕಗಳ ಹೆಚ್ಚುಕಡಮೆಗಾಗಿ ಚೌಕಾಸಿ ಮಾಡುವುದನ್ನು ಬಿಟ್ಟು ಇದನ್ನು ಕೇಳಬೇಕಾಗಿತ್ತೆಂದು ನನ್ನ ಅಭಿಪ್ರಾಯ. ಇದಕ್ಕೆ ಕಾಲವೂ ಹಣವೂ ಹೆಚ್ಚು ಬೇಕೆಂಬ ಆಕ್ಷೇಪ ಬಂದೇ ಬರುತ್ತದೆ. ವಾಕ್ಯಾರ್ಥಸಭೆಯೂ ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ.