ತೊಗಲಲ್ಲದ ಚೀಲ

2023ರ ಜೂನ್. ಕೊಚ್ಚಿಯ ಕಾಕ್ಕನಾಡಿನಲ್ಲಿ ಮಳೆ ಶುರುವಾಗಿ ಹತ್ತು ದಿನವಾಗಿತ್ತು. ಇನ್ಫೋಪಾರ್ಕಿನ ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಎದ್ದಾಗ ಪಕ್ಕದಲ್ಲಿ ಕೂತಿದ್ದ ಗೆಳತಿ ನನ್ನ ಬಿಳಿ ಕುರ್ತಾ ನೋಡಿ, “ಏನೇ ಇದು, ಒಲೆ ಊದಿ ಬಂದ್ಯಾ?” ಎಂದು ಕೇಳಿದಳು. ಸೊಂಟದ ಹತ್ತಿರವೆಲ್ಲ ಕಪ್ಪು ಹೊಟ್ಟು ಮೆತ್ತಿಕೊಂಡಿತ್ತು. ಬೂದಿಯಲ್ಲ, ನನ್ನ ಕೈಚೀಲ. ಬೆರಳಿನಿಂದ ಮುಟ್ಟಿದರೆ ಬಿಸಿಲಿಗೆ ಸುಟ್ಟ ಮೈಚರ್ಮದ ಹಾಗೆ ಪದರ ಪದರವಾಗಿ ಏಳುತ್ತಿತ್ತು, ಕೆಳಗೆ ಬೂದುಬಣ್ಣದ ಬಟ್ಟೆ ಕಾಣುತ್ತಿತ್ತು.

ಅದನ್ನು ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಒಳಗೆ ಹಸಿರು ಎಲೆಯ ಗುರುತಿನ ಚೀಟಿ ಇತ್ತು, ‘ವೀಗನ್ ಲೆದರ್’ ಎಂದು. ಯಾವ ಪ್ರಾಣಿಗೂ ನೋವು ಮಾಡದ ಚೀಲ. ತೀರ್ಥಹಳ್ಳಿಯ ಕಡೆಯಿಂದ ಕೇರಳಕ್ಕೆ ಕೆಲಸಕ್ಕೆ ಬಂದ ನನಗೆ ಆ ಚೀಟಿ ಒಂದು ಸಮಾಧಾನ ಕೊಟ್ಟಿತ್ತು. ಸುತ್ತ ಎಲ್ಲರೂ ಮಧ್ಯಾಹ್ನ ಪೊರೋಟ ಬೀಫ್ ತಿನ್ನುವಾಗ ನಾನು ಮೊಸರನ್ನದ ಡಬ್ಬಿಯನ್ನು ಈ ಚೀಲದಿಂದಲೇ ತೆಗೆಯುತ್ತಿದ್ದೆ. ಆಗ ನನ್ನ ಮುಖದಲ್ಲಿ ಏನಿತ್ತೋ ನನಗೆ ಕಾಣದು, ಎದುರಿಗಿದ್ದವರಿಗೆ ಕಂಡಿರಬೇಕು.

ಎರ್ನಾಕುಳಂ ಸೌತ್ ರೈಲು ನಿಲ್ದಾಣದ ಹತ್ತಿರ ಫುಟ್‌ಪಾತಿನ ಮೇಲೆ ಕೊಡೆ, ಚಪ್ಪಲಿ, ಚೀಲ ರಿಪೇರಿ ಮಾಡುವ ಹಿರಿಯರೊಬ್ಬರು ಕೂರುತ್ತಿದ್ದರು. ತಿರುನೆಲ್ವೇಲಿ ಕಡೆಯವರು, ತಮಿಳು ಬೆರೆತ ಮಲಯಾಳ. ಚೀಲವನ್ನು ಅವರ ಮುಂದಿಟ್ಟೆ. ಅವರು ಉಗುರಿನಿಂದ ಒಂದು ಪದರ ಎಬ್ಬಿಸಿ, ಮೂಸಿ ನೋಡಿ, ವಾಪಸು ಕೊಟ್ಟರು.

“ಇದು ತೋಲಲ್ಲ ಮೋಳೇ. ಹೊಲಿಗೆ ನಿಲ್ಲೋದಿಲ್ಲ.”

ತೋಲ್, ನಮ್ಮ ತೊಗಲು. ಚರ್ಮ ಎಂದಿದ್ದರೆ ನನಗೆ ಅಷ್ಟು ನಾಟುತ್ತಿರಲಿಲ್ಲವೇನೋ. ಊರಿನಲ್ಲಿ ತೊಗಲು ಎಂಬ ಮಾತನ್ನು ನಮ್ಮ ಮನೆಯೊಳಗೆ ಯಾರೂ ಆಡುತ್ತಿರಲಿಲ್ಲ, ತೊಗಲುಗೊಂಬೆ ಎನ್ನುವಾಗಷ್ಟೇ ಅದಕ್ಕೆ ಒಳಗೆ ಪ್ರವೇಶ.

ಅಂಗಡಿಗಳಲ್ಲಿ ವೀಗನ್ ಲೆದರ್ ಎಂದು ಮಾರುವುದರಲ್ಲಿ ಬಹುಪಾಲು ಬಟ್ಟೆಯ ಮೇಲೆ ಬಳಿದ ಪಾಲಿಯುರೆಥೇನ್ ಅಥವಾ ಪಿವಿಸಿ. ಎರಡೂ ಪ್ಲಾಸ್ಟಿಕ್ಕೇ. ಹಿಂದೆ ಇದನ್ನೇ ರೆಕ್ಸಿನ್ ಎನ್ನುತ್ತಿದ್ದೆವು, ಬಸ್ಸಿನ ಸೀಟಿಗೆ ಹಾಕುತ್ತಿದ್ದರು, ಯಾರೂ ಅದರಿಂದ ಪುಣ್ಯ ಬಂತೆಂದು ತಿಳಿಯುತ್ತಿರಲಿಲ್ಲ. ಪಾಲಿಯುರೆಥೇನಿಗೆ ತೇವವೇ ಶತ್ರು. ಗಾಳಿಯಲ್ಲಿರುವ ನೀರಿನಂಶ ಅದರ ಕೊಂಡಿಗಳನ್ನು ನಿಧಾನವಾಗಿ ಬಿಡಿಸುತ್ತದೆ. ಕೊಚ್ಚಿಯಂಥ ಕಡಲ ಪಕ್ಕದ ಊರಿನಲ್ಲಿ ಎರಡು ಮಳೆಗಾಲ ಸಾಕು.

ಸರಿ, ಎಸೆಯೋಣ ಎಂದರೆ ಎಲ್ಲಿಗೆ? ಆ ಹೊತ್ತಿನ ಕೊಚ್ಚಿಯಲ್ಲಿ ಇದು ಸುಮ್ಮನೆ ಕೇಳುವ ಪ್ರಶ್ನೆಯಾಗಿರಲಿಲ್ಲ. ಅದೇ ವರ್ಷ ಮಾರ್ಚ್ 2ರಂದು ಬ್ರಹ್ಮಪುರಂನ ಕಸದ ಗುಡ್ಡಕ್ಕೆ ಬೆಂಕಿ ಬಿದ್ದಿತ್ತು. ನಮ್ಮ ಆಫೀಸಿನಿಂದ ಕೆಲವೇ ಕಿಲೋಮೀಟರ್ ದೂರ. ವರ್ಷಗಟ್ಟಲೆ ರಾಶಿ ಬಿದ್ದ ಪ್ಲಾಸ್ಟಿಕ್ ಹತ್ತು ದಿನಕ್ಕೂ ಹೆಚ್ಚು ಕಾಲ ಒಳಗೊಳಗೇ ಉರಿಯಿತು. ನೌಕಾಪಡೆಯ ಹೆಲಿಕಾಪ್ಟರ್ ಮೇಲಿನಿಂದ ನೀರು ಸುರಿಯಿತು. ಶಾಲೆಗಳಿಗೆ ರಜೆ, ಕಿಟಕಿಗಳ ಸಂದಿಗೆ ಒದ್ದೆ ಟವೆಲ್, ಕೋವಿಡ್ ಮುಗಿಯಿತೆಂದು ಬಿಸಾಕಿದ ಮಾಸ್ಕ್‌ಗಳಿಗೆ ಮತ್ತೆ ಹುಡುಕಾಟ. ಹಸಿರು ನ್ಯಾಯಮಂಡಳಿ ಕೊಚ್ಚಿ ಮಹಾನಗರಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ಆ ರಾತ್ರಿಗಳಲ್ಲಿ ನಾನು ಕೆಮ್ಮುತ್ತ ಮಲಗಿದ್ದಾಗ ನನ್ನ ಅಹಿಂಸೆಯ ಚೀಲ ಬಾಗಿಲ ಹಿಂದೆ ನೇತಾಡುತ್ತಿತ್ತು. ಉರಿಯುತ್ತಿದ್ದುದು ಅದರ ಬಂಧುಬಳಗವೇ ಎಂದು ಹೊಳೆದದ್ದು ಜೂನ್‌ನಲ್ಲಿ, ಹೊಟ್ಟು ಉದುರಿದ ಮೇಲೆ.

ಹರಿತ ಕರ್ಮ ಸೇನೆಯ ಚೇಚಿ ತಿಂಗಳಿಗೊಮ್ಮೆ ಮನೆಮನೆಗೆ ಬಂದು ಒಣಕಸ ಒಯ್ಯುತ್ತಾರೆ. ಅವರ ಗೋಣಿಗೆ ಚೀಲ ಹಾಕಿದಾಗ ಅವರ ಕೈಗೂ ಕಪ್ಪು ಹತ್ತಿತು. ಸೀರೆಯ ಮೇಲೆ ತೊಟ್ಟ ಹಸಿರು ಕೋಟಿಗೆ ಒರೆಸಿಕೊಂಡು ಪಕ್ಕದ ಮನೆಗೆ ಹೋದರು.

ಇಷ್ಟರಲ್ಲೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೋಸ ಹೋದೆ, ಇನ್ನು ಮುಂದೆ ಚೀಟಿ ಓದಿ ಕೊಳ್ಳುತ್ತೇನೆ ಎಂದರೆ ಆಯಿತು. ಆದರೆ ಆ ಗೆಳತಿ ಊಟದ ಹೊತ್ತಿನಲ್ಲಿ ಕೇಳಿದ ಒಂದು ಪ್ರಶ್ನೆ ಬಿಡಲಿಲ್ಲ. “ನೀನು ದಿನಕ್ಕೆ ನಾಲ್ಕು ಸಲ ಹಾಲು ಹಾಕಿದ ಚಾ ಕುಡೀತೀಯ. ಮೊಸರು ತಿಂತೀಯ. ಹಬ್ಬಕ್ಕೆ ರೇಷ್ಮೆ ಸೀರೆ ಉಡ್ತೀಯ. ಚೀಲ ಮಾತ್ರ ಯಾಕೆ?”

ವೀಗನ್ ಎಂಬ ಪದವನ್ನು 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿಸಿದವರು ಹಾಲನ್ನೂ ಬಿಟ್ಟವರು. ಅವರ ಲೆಕ್ಕ ನೇರ. ಹಾಲಿಗಾಗಿ ಸಾಕಿದ ಹಸು ಗಂಡುಕರು ಹಾಕಿದರೆ ಆ ಕರು ಎಲ್ಲಿಗೆ ಹೋಗುತ್ತದೆ, ಕರಾವು ನಿಂತ ಹಸು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿಕೊಂಡರು. ನಮ್ಮ ಮನೆಯಲ್ಲಿ ಕೊಟ್ಟಿಗೆ ಇತ್ತು. ಗಂಡುಕರುವನ್ನು ಯಾರೋ ಬಂದು ಹೊಡೆದುಕೊಂಡು ಹೋಗುತ್ತಿದ್ದರು. ‘ಯಾರೋ’ ಎಂಬಲ್ಲಿಗೆ ಕಥೆ ನಿಲ್ಲುತ್ತಿತ್ತು. ಕೇರಳದಲ್ಲಿ ಆ ಕಥೆಯ ಮುಂದಿನ ಭಾಗ ರಸ್ತೆಬದಿಯ ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ತೂಗುತ್ತದೆ, ಅಷ್ಟೇ ವ್ಯತ್ಯಾಸ.

ರೇಷ್ಮೆಯ ಮಾತು ಇನ್ನೂ ಕಷ್ಟ. ಗೂಡಿನೊಳಗಿನ ಹುಳವನ್ನು ಹಬೆಯಲ್ಲಿ ಕೊಲ್ಲದೆ ಉದ್ದನೆಯ ಎಳೆ ಬರುವುದಿಲ್ಲ. ಒಂದು ಸೀರೆಗೆ ಸಾವಿರಾರು ಗೂಡು. ಆದರೂ ನಮ್ಮಲ್ಲಿ ಪೂಜೆಗೆ ಕೂರಲು ಪಟ್ಟೆಮಡಿಯೇ ಶ್ರೇಷ್ಠ. ಅಣ್ಣನ ಉಪನಯನದಲ್ಲಿ ಜನಿವಾರಕ್ಕೆ ಕೃಷ್ಣಾಜಿನದ ಒಂದು ತುಂಡು ಕಟ್ಟಿದ್ದರು. ಜಿಂಕೆಯ ಚರ್ಮ! ಅದು ಮೈಲಿಗೆಯಾಗಲಿಲ್ಲ. ದೇವಸ್ಥಾನದ ಬಾಗಿಲಲ್ಲಿ ಚರ್ಮದ ಬೆಲ್ಟ್ ಬಿಚ್ಚಿಸುತ್ತಾರೆ, ಒಳಗೆ ಚೆಂಡೆ ಬಾರಿಸುತ್ತಾರೆ. ಚೆಂಡೆಯ ಮುಖಕ್ಕೆ ಬಿಗಿದಿರುವುದು ಹಸುವಿನ ತೊಗಲು. ಪಾಲಕ್ಕಾಡಿನ ಪೆರುವೆಂಬದಲ್ಲಿ ತೊಗಲು ಹದಮಾಡಿ ವಾದ್ಯ ಕಟ್ಟುವ ಮನೆಗಳಿವೆ. ಮೃದಂಗ ಮಾಡುವವರ ಬಗ್ಗೆ ಟಿ. ಎಂ. ಕೃಷ್ಣ 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕ ತಂದಾಗ, ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಹಿಂದಕ್ಕೆ ತೆಗೆದುಕೊಂಡಿತು. ನಾದ ಬೇಕು, ತೊಗಲು ಎಲ್ಲಿಂದ ಬಂತು, ಯಾರು ಸುಲಿದರು ಎಂಬ ಮಾತು ಬೇಡ.

ಹಾಗಾದರೆ ನಾನು ‘ಪ್ರಾಣಿಯಿಲ್ಲದ ಚೀಲ’ ಎಂದು ಕೊಂಡದ್ದು ಪ್ರಾಣಿಯ ಮೇಲಿನ ಕರುಣೆಯಿಂದಲೋ, ಇಲ್ಲ ನಮ್ಮ ಜಗಲಿಯ ಮೈಲಿಗೆ ಇಂಗ್ಲಿಷ್ ಹೆಸರಿಟ್ಟುಕೊಂಡು ನನ್ನ ಜೊತೆ ರೈಲು ಹತ್ತಿ ಬಂದಿತ್ತೋ? ನಮ್ಮ ಮನೆಗೆ ಚಪ್ಪಲಿ ಹೊಲಿಯಲು ಬರುತ್ತಿದ್ದ ಸಮಗಾರರು ಅಂಗಳದಲ್ಲೇ ಕೂರುತ್ತಿದ್ದರು. ಅವರಿಗೆ ಕಾಫಿ ಕೊಡುವ ಲೋಟ ಬೇರೆ, ಅದು ಕೊಟ್ಟಿಗೆಯ ಗೂಡಿನಲ್ಲಿರುತ್ತಿತ್ತು. ಎಷ್ಟೋ ಸಲ ಅದನ್ನು ತಂದಿಟ್ಟವಳು ನಾನೇ. ಆಗ ನನಗೆ ಏಳೆಂಟು ವರ್ಷ, ತಪ್ಪು ನನ್ನದಲ್ಲ ಎನ್ನಬಹುದು. ಮೂವತ್ತೊಂದನೇ ವಯಸ್ಸಿನಲ್ಲಿ ಮಾಲ್‌ನಲ್ಲಿ ನಿಂತು, ತೊಗಲಿನ ಚೀಲ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡವಳೂ ನಾನೇ. ಆ ಕೈ ಹಿಂದೆ ಸರಿದದ್ದು ದನದ ನೋವು ನೆನೆದು ಎಂದು ಆಣೆ ಮಾಡಿ ಹೇಳಲಾರೆ.

ಹೀಗೆಂದು ತೊಗಲೇ ಸರಿ ಎನ್ನಲು ಹೊರಟರೆ ಅಲ್ಲೂ ಕಾಲು ಹೂಳುತ್ತದೆ. ಮಾಂಸದ ಉಪವಸ್ತು ತಾನೇ, ಹೇಗೂ ಬಿಸಾಕುವುದು ಎಂಬ ವಾದವನ್ನು ನಾನೂ ಮಾಡಿ ನೋಡಿದ್ದೇನೆ. ಆದರೆ ಹಸಿ ಚರ್ಮ ಚೀಲವಾಗಬೇಕಾದರೆ ಹದಮಾಡಬೇಕು, ಈಗ ಹೆಚ್ಚಿನ ಕಡೆ ಅದು ಕ್ರೋಮಿಯಂ ಲವಣಗಳಲ್ಲಿ ನಡೆಯುತ್ತದೆ. ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಹದಖಾನೆಗಳು ಪಾಲಾರ್ ನದಿಗೆ ಏನು ಮಾಡಿದವು ಎಂಬುದು 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ಸುಮಾರು 35,000 ಹೆಕ್ಟೇರ್ ಜಮೀನು ಭಾಗಶಃ ಇಲ್ಲವೇ ಪೂರ್ತಿ ಬೇಸಾಯಕ್ಕೆ ಬಾರದಂತಾಗಿದೆ ಎಂಬ ಮಾತು ಅದರಲ್ಲಿ ಬರುತ್ತದೆ. ಪಾಲಾರ್ ಹುಟ್ಟುವುದು ನಮ್ಮ ನಂದಿಬೆಟ್ಟದ ಸೀಮೆಯಲ್ಲೇ.

2024ರಲ್ಲಿ ಕೆಲಸ ಬದಲಾಗಿ ತಿರುವನಂತಪುರದ ಟೆಕ್ನೋಪಾರ್ಕಿಗೆ ಬಂದೆ. ಹೊಸ ಚೀಲ ಇನ್ನೂ ಕೊಂಡಿರಲಿಲ್ಲ, ಬಟ್ಟೆಯ ಜೋಳಿಗೆಯಲ್ಲಿ ಲ್ಯಾಪ್‌ಟಾಪ್ ಹೊತ್ತು ಓಡಾಡುತ್ತಿದ್ದೆ. ಹುಡುಕುತ್ತ ಹೋದರೆ ಈ ಎರಡು ಊರುಗಳ ಆಸುಪಾಸಿನಲ್ಲೇ ನನಗೆ ಬೇಕಾದದ್ದು ಇತ್ತು. ಸ್ಲೊವಾಕಿಯಾದ ವಿನ್ಯಾಸಗಾರ್ತಿ ಜುಜಾನಾ ಗೊಂಬೊಸೊವಾ ಮತ್ತು ಕೇರಳದ ಸುಸ್ಮಿತ್ ಸೇರಿ ಕಟ್ಟಿದ ‘ಮಲೈ’ ಎಂಬ ಸಂಸ್ಥೆ ತೆಂಗಿನ ನೀರಿನಿಂದ ತೊಗಲಿನಂಥದ್ದನ್ನು ಮಾಡುತ್ತದೆ. ಎಣ್ಣೆ, ಕೊಬ್ಬರಿ ಮಾಡುವ ಕಡೆ ಬಲಿತ ಕಾಯಿ ಒಡೆದಾಗ ಅದರ ನೀರು ಚರಂಡಿಗೆ ಹೋಗುತ್ತದೆ. ಅದನ್ನು ತಂದು ಕುದಿಸಿ ಶುದ್ಧಮಾಡಿ, ಒಂದು ಜಾತಿಯ ಬ್ಯಾಕ್ಟೀರಿಯಾ ಬಿಡುತ್ತಾರೆ. ಎರಡು ವಾರದ ಹೊತ್ತಿಗೆ ನೀರಿನ ಮೇಲೆ ದಪ್ಪ ಲೋಳೆಯ ಹಾಳೆ ಕಟ್ಟುತ್ತದೆ, ಮೊಸರಿನ ಕೆನೆಯ ಹಾಗೆ, ಎಳನೀರಿನ ಗಂಜಿಯ ಹಾಗೆ. ಫಿಲಿಪ್ಪೀನ್ಸಿನವರು ಇದನ್ನೇ ಸಕ್ಕರೆ ಪಾಕದಲ್ಲಿ ಹಾಕಿ ತಿನ್ನುತ್ತಾರೆ. ಇಲ್ಲಿ ಅದಕ್ಕೆ ಬಾಳೆ, ಕತ್ತಾಳೆಯಂಥ ನಾರು ಬೆರೆಸಿ, ಹಾಳೆ ಮಾಡಿ, ಒಣಗಿಸಿ, ಬಣ್ಣ ಕಟ್ಟುತ್ತಾರೆ. (ಬ್ಯಾಕ್ಟೀರಿಯಾಕ್ಕೂ ಜೀವವಿದೆಯಲ್ಲ ಎಂದು ಅಣ್ಣ ಫೋನಿನಲ್ಲಿ ಕೆಣಕಿದ. ಅವನು ಯಾವಾಗಲೂ ಹೀಗೇ.)

ತಿರುವನಂತಪುರದ ಪಾಪ್ಪನಂಕೋಡಿನಲ್ಲಿ ಸಿಎಸ್‌ಐಆರ್‌ನ ಪ್ರಯೋಗಾಲಯ ಎನ್‌ಐಐಎಸ್‌ಟಿ ಇದೆ. ಅಲ್ಲಿನ ವಿಜ್ಞಾನಿಗಳು ಮಾವಿನ ಸಿಪ್ಪೆ, ಬಾಳೆದಿಂಡು, ಅನಾನಸಿನ ತ್ಯಾಜ್ಯಗಳಂಥವುಗಳಿಂದ ತೊಗಲಿನ ಹಾಗಿರುವ ಹಾಳೆ ಮಾಡಿದ್ದಾರೆ. ಅದೇ ಸಿಎಸ್‌ಐಆರ್ 1948ರಲ್ಲಿ ಚೆನ್ನೈನಲ್ಲಿ ಚರ್ಮ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿತ್ತು. ಒಂದೇ ಮನೆಯ ಇಬ್ಬರು ಮಕ್ಕಳ ಹಾಗೆ, ಒಬ್ಬ ತೊಗಲಿನವನು, ಒಬ್ಬ ಸಿಪ್ಪೆಯವನು.

ಈಗ ಚೀಟಿ ಓದುವುದು ಕಲಿತಿದ್ದೇನೆ. ಅನಾನಸು, ಕಳ್ಳಿ, ಸೇಬು ಎಂದು ಹೆಸರಿಟ್ಟು ಮಾರುವ ಎಷ್ಟೋ ಹಾಳೆಗಳ ಮೇಲೆ ಕೊನೆಗೆ ಅದೇ ಪಾಲಿಯುರೆಥೇನಿನ ಲೇಪ ಇರುತ್ತದೆ. ಮಲೈ ತನ್ನಲ್ಲಿ ಪ್ಲಾಸ್ಟಿಕ್ ಇಲ್ಲ ಎನ್ನುತ್ತದೆ, ಅದಕ್ಕೇ ನನಗೆ ಅದರ ಮೇಲೆ ಮನಸ್ಸು. ಅದರ ಚೀಲವೊಂದರ ಚಿತ್ರ ಎಷ್ಟೋ ರಾತ್ರಿ ಮೊಬೈಲಿನಲ್ಲಿ ತೆರೆದು ನೋಡಿದ್ದೇನೆ, ಇಟ್ಟಿಗೆ ಬಣ್ಣದ್ದು, ನಿಜಕ್ಕೂ ಚೆಂದ. ಚೆಂದ ಎಂದು ಬೇಕು ಅನಿಸುವುದರಲ್ಲಿ ನನಗೆ ನಾಚಿಕೆಯಿಲ್ಲ. ಒಳ್ಳೆಯವಳಾಗಲು ಬೇಕು ಅನಿಸಿದಾಗಲೇ ಈಗ ಅನುಮಾನ ಬರುವುದು. ಹಳೆಯ ಚೀಲವನ್ನೂ ಹಾಗೇ ತಾನೇ ಕೊಂಡದ್ದು.

ನಮ್ಮ ಭಾಷೆಯಲ್ಲಿ ತೊಗಲಿನ ಬಗ್ಗೆ ಯೋಚಿಸಲು ಹೊರಟರೆ ಹರಳಯ್ಯನನ್ನು ದಾಟಿ ಹೋಗಲಾಗುವುದಿಲ್ಲ. ಬಸವಣ್ಣನಿಗೆ ಶರಣು ಎಂದದ್ದಕ್ಕೆ ಆತ ಶರಣು ಶರಣಾರ್ಥಿ ಎಂದನಂತೆ. ಒಂದು ಶರಣು ಹೆಚ್ಚಾಯಿತು, ಆ ಋಣ ತೀರಿಸುವುದು ಹೇಗೆಂದು ಹರಳಯ್ಯ, ಕಲ್ಯಾಣಮ್ಮ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಚಮ್ಮಾವುಗೆ ಮಾಡಿದರು ಎಂಬುದು ಕಥೆ. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡ. ಚಿಕ್ಕಂದಿನಲ್ಲಿ ಇದನ್ನು ಭಕ್ತಿಯ ಕಥೆಯಾಗಿ ಕೇಳಿದ್ದೆ. ಈಗ ಕಾಣುವುದು ಬೇರೆ. ಎಲ್ಲರ ಕಣ್ಣೂ ಚರ್ಮ ಯಾವ ಪ್ರಾಣಿಯದು ಎಂಬಲ್ಲಿದ್ದಾಗ ಆ ಕಥೆ ಮಾಡಿದ ಕೈಗಳ ಕಡೆಗೆ ತಿರುಗಿಸುತ್ತದೆ. ನನ್ನ ಹಸಿರು ಎಲೆಯ ಚೀಟಿಯಲ್ಲಿ ಯಾವ ಪ್ರಾಣಿ ಇಲ್ಲ ಎಂದು ಬರೆದಿತ್ತು. ಯಾವ ಮನುಷ್ಯ ಹೊಲಿದ, ಎಷ್ಟು ಹೊತ್ತು ಆ ದ್ರಾವಣದ ವಾಸನೆ ಕುಡಿದ ಎಂದು ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ.

ಕಳೆದ ದಸರಾ ರಜೆಗೆ ಅಮ್ಮ ತಿರುವನಂತಪುರಕ್ಕೆ ಬಂದರು. ಬರುವಾಗ ನಾನು ಕೇಳಿದ್ದೆನೆಂದು ಅಪ್ಪನ ಚೀಲ ತಂದಿದ್ದರು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಉತ್ತರಪತ್ರಿಕೆ ಹೊರಲು 1987ರಲ್ಲಿ ಶಿವಮೊಗ್ಗದಲ್ಲಿ ಅಳತೆ ಕೊಟ್ಟು ಹೊಲಿಸಿದ ತೊಗಲಿನ ಚೀಲ. ಇಪ್ಪತ್ತು ವರ್ಷ ಅದು ಜಗಲಿಯ ಗೂಟದಲ್ಲೇ ಇತ್ತು, ಒಳಗೆ ಬಂದದ್ದಿಲ್ಲ. ಅಪ್ಪ ಹೋದ ಮೇಲೆ ಅಟ್ಟಕ್ಕೆ ಏರಿತು. ಮಲೆನಾಡಿನ ಬೂಸು ಹಿಡಿದು ಹಸಿರಾಗಿತ್ತು. ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದೆ, ಚಾಲೆ ಬಜಾರಿನ ಹತ್ತಿರ ಕೂರುವ ಒಬ್ಬರಲ್ಲಿಗೆ ಒಯ್ದೆ. ಕಿವಿ ಕಿತ್ತಿತ್ತು, ಒಂದು ಬದಿಯ ಹೊಲಿಗೆ ಬಿಟ್ಟಿತ್ತು. ಮುಕ್ಕಾಲು ಗಂಟೆಯಲ್ಲಿ ಸರಿಮಾಡಿ 150 ರೂಪಾಯಿ ತೆಗೆದುಕೊಂಡರು.

ಮರುದಿನ ಅಮ್ಮನನ್ನು ಪದ್ಮನಾಭಸ್ವಾಮಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುವಾಗ ಆ ಚೀಲವನ್ನೇ ಹೆಗಲಿಗೆ ಹಾಕಿದೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದರು. ಆಟೋದಲ್ಲಿ ಅವರು ಸೆರಗನ್ನು ಚೀಲಕ್ಕೆ ತಾಗದಂತೆ ಮಡಿಲಿಗೆ ಎಳೆದುಕೊಂಡದ್ದು ನೋಡಿದೆ. ಏನೂ ಅನ್ನಲಿಲ್ಲ, ಇಬ್ಬರೂ. ಒಳಗೆ ಯಾವ ಚೀಲವೂ ಹೋಗುವಂತಿಲ್ಲ. ಕೌಂಟರಿನವನು ನಮ್ಮದನ್ನು ಯಾರದೋ ರೆಕ್ಸಿನ್ ಬ್ಯಾಗು, ಯಾರದೋ ಬಟ್ಟೆ ಚೀಲದ ನಡುವೆ ತುರುಕಿ ಟೋಕನ್ ಕೊಟ್ಟ.

ದರ್ಶನ ಮುಗಿಸಿ ಹೊರಬಂದು ಪದ್ಮತೀರ್ಥದ ಪಕ್ಕದಲ್ಲಿ ಕೂತಾಗ ಕೇಳಿದೆ.

“ಅಮ್ಮ, ಈ ಚೀಲ ಹೊಲಿದವರು ಯಾರು? ನಿಮಗೆ ಗೊತ್ತಾ?”

“ಅವನೇ, ಚಪ್ಪಲಿ ಹೊಲಿಯೋಕೆ ಬರ್ತಿದ್ನಲ್ಲ, ಅವನ ಅಣ್ಣನೋ ಯಾರೋ. ಶಿವಮೊಗ್ಗದಲ್ಲಿ ಅಂಗಡಿ ಇತ್ತು. ನಿಮ್ಮಪ್ಪನ ಹತ್ರ ತುಂಬಾ ಸಲುಗೆ.”

“ಹೆಸರೇನು?”

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ಕೊಳದ ಮೆಟ್ಟಿಲಿನ ಕಡೆ ನೋಡುತ್ತ, ಬೆರಳಿನಿಂದ ಚೀಲದ ಹೊಸ ಹೊಲಿಗೆ ಸವರಿದರು.

“ನಿಮ್ಮಪ್ಪನಿಗೆ ಗೊತ್ತಿತ್ತು” ಎಂದರು.